ಒತ್ತಿಲ್ಲದ ಹೆಸರು

"ತಮ್ಮ ಹೆಸರಿಗೇ ಒತ್ತು ಕೊಡೋದು ಮರ್ತಿದ್ರಾ ನಿಮ್ಮಪ್ಪ?" ಎಂದು ವಿನಯಾ ಕೇಳಿದಾಗ ಪುಟ್ಟಪ್ಪನಿಗೆ ಒಳಗೊಳಗೇ ಸಿಟ್ಟು ಬಂತು.

ಜಗಲಿಯಲ್ಲಿ ಹಳೆಯ ಪಂಚೆ ಹಾಸಿ, ಅದರ ಮೇಲೆ ಗಾಜಿನ ಚಿತ್ರವನ್ನು ಮಲಗಿಸಿ ಇಬ್ಬರೂ ಕೂತಿದ್ದರು. ದಂಡಿಗೆಯಲ್ಲಿ ಮದುಮಗಳು, ಹೊರುವ ನಾಲ್ವರು, ಸುತ್ತ ಎಳೆ ಎಳೆಯಾದ ಕೆಂಪು ಅಂಚು. ಕೆಳಗಿನ ಮೂಲೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು. 'ಕನ್ನಪ್ಪ' ಅಲ್ಲ, 'ಕನ್ನಪ'. ಸಾಗರದಲ್ಲಿ ಹಳೆಯ ಗಾಜಿನ ಚಿತ್ರಗಳ ಪ್ರದರ್ಶನ ಏರ್ಪಡಿಸಿದ್ದವರು ವಿನಯಾಳನ್ನು ನಿಟ್ಟೂರಿನ ಈ ಮನೆಯವರೆಗೆ ಕಳಿಸಿದ್ದರು. ಪ್ರತಿ ಚಿತ್ರದ ಕೆಳಗೂ ಬರೆದವರ ಹೆಸರು ಹಾಕಬೇಕು, ಅದು ಸರಿಯಾಗಿರಬೇಕು.

ಪುಟ್ಟಪ್ಪನಿಗೆ ಬೇಕಾಗಿದ್ದೂ ಅದೇ. ಅಪ್ಪ ಸತ್ತಾಗ ಅವನಿಗೆ ಎರಡು ವರ್ಷ. ಮುಖ ನೆನಪಿಲ್ಲ, ಫೋಟೋ ಇಲ್ಲ, ಇದ್ದದ್ದು ಈ ಗಾಜು ಮಾತ್ರ. 'ನಮ್ಮಪ್ಪ ಚಿತ್ರಗಾರ' ಎಂದು ಕಂಡಕಂಡ ಮದುವೆ ಮನೆಗಳಲ್ಲಿ ಹೇಳಿಕೊಂಡೇ ಎಪ್ಪತ್ತು ದಾಟಿದವನು ಅವನು. ಕೇಳಿ ಕೇಳಿ ಸಾಕಾದವರು, 'ಓ, ಗಾಜಿನ ಕಥೆ ಶುರುವಾಯ್ತು' ಎಂದು ಎಲೆಯಡಿಕೆ ತಟ್ಟೆ ಮುಂದೆ ತಳ್ಳುತ್ತಿದ್ದರು.

"ಇದನ್ನ ಗಾಜಿನ ಹಿಂದಿನಿಂದ ಬರೆಯೋದು ಅಜ್ಜ," ಎಂದಳು ವಿನಯಾ. "ಹೆಸರನ್ನ ಎಡ ಬಲ ತಿರುಗ್ಸಿ ಬರೀಬೇಕು. ಆಗ ಮುಂದಿನಿಂದ ಸರಿ ಕಾಣತ್ತೆ. ಅಷ್ಟು ಚೆಂದ ತಿರುಗ್ಸಿ ಬರ್ದವ್ರು ಒಂದು ಒತ್ತು ಬಿಟ್ರು ಅಂದ್ರೆ ಎಂತಕ್ಕೆ ಅಂತ."

"ಅವಸರ ಇದ್ದಿರ್ಬೇಕು."

"ಚುಕ್ಕಿ ಇಟ್ಟು ಬರ್ಯೋರಿಗೆ ಎಂತ ಅವಸರ?"

ಸಾಗರದಲ್ಲಿ ಚಿತ್ರ ಬರೆಯುವ ಗುಡಿಗಾರರ ಮನೆಯಲ್ಲಿ ಅಪ್ಪ ಬಣ್ಣ ಅರೆಯುತ್ತಿದ್ದದ್ದು ಊರಿಗೆಲ್ಲ ಗೊತ್ತು. ಸಾಯುವ ವರ್ಷ ಒಂದು ಗಾಜನ್ನೂ ಬಣ್ಣದ ಡಬ್ಬಿಗಳನ್ನೂ ಮನೆಗೆ ತಂದಿದ್ದನಂತೆ. ಚಿಕ್ಕವನಿದ್ದಾಗ ಪುಟ್ಟಪ್ಪ, "ಅವ್ವಾ, ಇದು ಯಾರ್ದು?" ಎಂದು ಚಿತ್ರ ತೋರಿಸಿ ಕೇಳಿದರೆ, ಅವ್ವ ಬಂಗಾರಮ್ಮ ಬಾಯಿ ಬಿಡದೆ ಮೂಲೆಯ ಹೆಸರಿನ ಮೇಲೆ ಬೆರಳಿಡುತ್ತಿದ್ದಳು.

ಗಂಡನ ಹೆಸರನ್ನು ಅವಳು ಕೊನೆಯವರೆಗೂ ಬಾಯಲ್ಲಿ ಹೇಳಲಿಲ್ಲ. ಮಗನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಂದೆಯ ಹೆಸರು ಕೇಳಿದರೆ, ಮನೆಗೆ ಓಡಿ ಹಿತ್ತಾಳೆ ತಂಬಿಗೆ ತಂದು ಅವರ ಮೇಜಿನ ಮೇಲಿಟ್ಟಿದ್ದಳು. ಅವಳಿಗೆ ಅಕ್ಷರ ಬಾರದು. ತಂಬಿಗೆಯ ಮೇಲೆ ಕೊರೆದದ್ದು ಯಾರ ಹೆಸರೆಂಬುದು ಮಾತ್ರ ಗೊತ್ತಿತ್ತು.

"ಹ್ವಾಯ್, ಅವ್ರಿಗೆ ನೀರಾದ್ರೂ ಕೊಡಿ," ಎನ್ನುತ್ತ ಹೇಮಾವತಿ ಬೆಲ್ಲದ ತಟ್ಟೆಯ ಜೊತೆ ಅದೇ ತಂಬಿಗೆಯನ್ನು ತಂದಿಟ್ಟಳು. ಅವಳ ಬಾಯಲ್ಲೂ ಗಂಡನ ಹೆಸರು ಬರುವುದಿಲ್ಲ, 'ಹ್ವಾಯ್' ಎಂದರೆ ಪುಟ್ಟಪ್ಪ.

ತಂಬಿಗೆ ಎತ್ತುವಾಗ ಅವನ ಹೆಬ್ಬೆರಳಿಗೆ ಹಳೆಯ ಬೆಸುಗೆ ತಾಗಿತು. ಅಪ್ಪನ ಕಾಲದ ಬೆಸುಗೆ, ದಿನವೂ ತಾಗುವಂಥದ್ದೇ. ಇವತ್ತು ಬೆರಳು ಸರಿಸಿ ನೋಡಿದ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು. ಕೊನೆಯ ಅಕ್ಷರದ ಒತ್ತು ಇರಬೇಕಾದ ಜಾಗದಲ್ಲಿ ಬೆಸುಗೆ ಕೂತಿತ್ತು.

ಅವನು ತಂಬಿಗೆಯನ್ನು ಮೆಲ್ಲಗೆ ಗಾಜಿನ ಪಕ್ಕ ಇಟ್ಟ. ವಿನಯಾ ಬಗ್ಗಿ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದಳು.

"ಅಪ್ಪಂಗೆ ಓದು ಬರಹ ಬರ್ತಿತ್ತು," ಎಂದ ಪುಟ್ಟಪ್ಪ. "ಇದು ಅವ್ವಂದು. ತಂಬಿಗೆ ಮೇಲೆ ಕಂಡಷ್ಟನ್ನೇ ನೋಡಿ ಬರ್ದಿದಾಳೆ. ಗೋಡೆ ಮೇಲೆ ಚಿತ್ತಾರ ಬರೀತಿದ್ಲು. ಎಡಕ್ಕೆ ಬರ್ದಿದ್ದನ್ನ ಹಂಗೇ ತಿರುಗ್ಸಿ ಬಲಕ್ಕೆ ಬರ್ಯೋಳು." ಇದ್ದ ಒಬ್ಬ ಅಪ್ಪನೂ ಕೈತಪ್ಪಿ ಹೋದನೆಂದು ಅವನಿಗೆ ಸಂಕಟವಾಯಿತು. ಇಷ್ಟು ವರ್ಷ ಅವ್ವನ ಕೆಲಸವನ್ನು ಅವಳ ಎದುರಿಗೇ ಇನ್ನೊಬ್ಬರದೆಂದು ಹೊಗಳಿದೆನಲ್ಲ ಎಂದು ನಾಚಿಕೆಯೂ ಆಯಿತು.

"ಹಂಗಾದ್ರೆ ನಿಮ್ಮಪ್ಪನ ಹೆಸರು ಯಾಕೆ ಹಾಕಿದ್ರು?"

"ತಂಬಿಗೆ ಮೇಲೆ ತಂಬಿಗೆ ಮಾಡಿದೋನ ಹೆಸ್ರು ಹಾಕ್ತಾರಾ ಮಗಾ? ಯಾರ್ದೋ ಅವ್ರದ್ದು ಹಾಕೋದು." ಪುಟ್ಟಪ್ಪ ಕಣ್ಣೊರೆಸಿಕೊಂಡ. "ನಾನೂ ಯಾರ್ದು ಅಂತ್ಲೇ ಕೇಳಿದ್ದು, ಬರ್ದೋರು ಯಾರು ಅಂತಲ್ಲ. ಅವ್ಳು ಸರಿಯಾಗೇ ತೋರ್ಸಿದ್ಲು."

ವಿನಯಾ ಪೆನ್ನು ತೆರೆದಳು. "ಬರ್ದವ್ರ ಹೆಸರು ಎಂತ ಹಾಕ್ಲಿ ಅಜ್ಜ?"

"ಬಂಗಾರಮ್ಮ ಅಂತ ಹಾಕು."

"ನಿಮ್ಮಪ್ಪಂದು?"

"ಅದ್ನ ಅವ್ಳೇ ಬರ್ದಿದಾಳಲ್ಲ."

ವಿನಯಾ ಚಿತ್ರವನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟಳು. ಪುಟ್ಟಪ್ಪ ಅವಳನ್ನು ಕಳಿಸಿ ಬರುವಷ್ಟರಲ್ಲಿ ಹೇಮಾವತಿ ತಂಬಿಗೆಯನ್ನು ಹಿತ್ತಲಿಗೆ ಒಯ್ದು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಹೆಸರಿದ್ದಲ್ಲಿಗೆ ಬಂದಾಗ ಮಾತ್ರ ಅವಳ ಬೆರಳು ಹಗುರವಾಗುತ್ತಿತ್ತು.