ಅಮ್ಮ ಗುರುತು ಹಿಡಿದವಳು

ಓಪಲ್‌ಳ ಕಿವಿಯ ಹಿಂದಿನಿಂದ ಕೂದಲು ಗುಂಗುರಾಗಿಸುವ ಮದ್ದಿನ ಒಂದು ಹನಿ ಕತ್ತಿನ ಮಡಿಕೆಗೆ ಇಳಿಯುತ್ತಿದೆ, ಒರೆಸಬೇಕು, ಒರೆಸದಿದ್ದರೆ ಉರಿಯುತ್ತದೆ, ಉರಿಯಲಿ ಸ್ವಲ್ಪ, ಎಂದುಕೊಂಡು ವರ್ಲಾ ತನ್ನ ಕೇಶಾಲಂಕಾರದ ಅಂಗಡಿಯಲ್ಲಿ ಹತ್ತಿಯನ್ನು ಕೈಯಲ್ಲೇ ಹಿಡಿದು ನಿಂತಳು, ಯಾಕೆಂದರೆ ಟೀವಿಯಲ್ಲಿ ಕೊರಿನ್ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಾಳೆ, ಅವಳ ಒಡಹುಟ್ಟಿದ ತಂಗಿ, ಇದೇ ಕೆಟಲ್ ಫೋರ್ಕ್ ಊರಿನ ಧಾನ್ಯಗೋಪುರದ ನೆರಳಲ್ಲಿ ಮೂಗು ಸುರಿಸಿಕೊಂಡು ಬೆಳೆದ ಕೊರಿನ್, ಈಗ ಸೆನೆಟರ್, ಇವತ್ತು ಬೆಳಿಗ್ಗೆಯಿಂದ ಅದಕ್ಕಿಂತಲೂ ದೊಡ್ಡವಳು — ಗವರ್ನರ್ ಹಾಲ್‌ಸ್ಟೆಡ್ ಚುನಾವಣೆ ಗೆದ್ದು ಅಧ್ಯಕ್ಷನಾದರೆ ಇವಳು ಉಪಾಧ್ಯಕ್ಷೆ, ಆ ಮುದುಕ ಒಂದು ದಿನ ಏಳದೆ ಮಲಗಿಬಿಟ್ಟರೆ ಇಡೀ ಅಮೆರಿಕವೇ ಇವಳ ಕೈಗೆ. ಆ ಕಾಲು ನೋಡ್ರೇ, ಎಂದಳು ಓಪಲ್ ಕನ್ನಡಿಯೊಳಗಿನಿಂದ, ಆ ಕಾಲಿಗೆ ಆ ಸ್ಕರ್ಟಾ, ಬೇಲಿ ಗೂಟಕ್ಕೆ ಲಂಗ ಸುತ್ತಿದ ಹಾಗಿದೆ, ನಿಂಗೆ ಬೇಜಾರಿಲ್ಲ ತಾನೇ ವರ್ಲಾ? ಬೇಜಾರೇನು ಬಂತು, ಕಾಲು ನಮ್ಮಪ್ಪಂದು, ಎಂದಳು ವರ್ಲಾ, ಇಬ್ಬರೂ ನಕ್ಕರು, ಬಿಸಿಗಾಳಿಯ ಟೋಪಿಯ ಕೆಳಗೆ ಕೂತಿದ್ದ ಲವೋನ್‌ಗೆ ಏನೂ ಕೇಳಿಸದೆ ಅವಳು ಕಿರುಚಿದಳು, ಏನಂದ್ಲು, ಏನಂದ್ಲು? ಕಾಲು ಅಂದೆ, ಕಾಲು! ಓ, ಕಾಲಾ, ನಾನು ತಲೆ ನೋಡ್ತಿದ್ದೆ, ಆ ಕೂದಲು ಯಾರು ಮಾಡಿದ್ದು, ಟೀ ಪಾತ್ರೆ ಮೇಲೆ ಕವುಚೋ ಟೊಪ್ಪಿ ಇದ್ದ ಹಾಗಿದೆ, ನಿನ್ನ ಕರೆಸಬಾರದಿತ್ತೇನೇ ಅವಳು? ಕರೆಸಬಹುದಿತ್ತು. ಕರೆಸಲಿಲ್ಲ. ನಿನ್ನೆ ಪ್ರಚಾರ ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು, ಬೆಣ್ಣೆಯಲ್ಲಿ ಅದ್ದಿ ತೆಗೆದ ದನಿ, ವೇದಿಕೆ ಮೇಲೆ ಜಾಗ ಕಡಿಮೆ ಮೇಡಂ, ನೀವು ಮನೆಯಲ್ಲೇ ಆರಾಮಾಗಿ ನೋಡಿ, ಪತ್ರಿಕೆಯವರು ಬಂದರೆ ಹೆಮ್ಮೆಯಾಗಿದೆ ಅಂತಷ್ಟೇ ಹೇಳಿ ಸಾಕು — ಜಾಗ ಕಡಿಮೆಯಂತೆ, ಕೊರಿನ್‌ಳ ಗಂಡನ ಅಕ್ಕನ ಮಕ್ಕಳಿಬ್ಬರು ಅಲ್ಲೇ ನಿಂತಿದ್ದಾರಲ್ಲ, ಜೋಳದ ಕೂದಲಿನ ಎರಡು ಗೊಂಬೆಗಳು, ಇವಳು ಹೆರಲಿಲ್ಲ, ಬಾಡಿಗೆಗೆ ತಂದಿದ್ದಾಳೆ.

ಮಕ್ಕಳೇ ಇಲ್ಲದೋಳು ದೇಶ ಸಾಕ್ತಾಳಂತೆ, ಎಂದಳು ಓಪಲ್, ಅದೂ ಕನ್ನಡಿಯೊಳಗಿನಿಂದಲೇ, ಆಮೇಲೆ ಕತ್ತು ಮುಟ್ಟಿಕೊಂಡು, ಏ, ಉರೀತಿದೆ ಕಣೇ. ವರ್ಲಾ ಒರೆಸಿದಳು. ಹಿತವಾಗಿತ್ತು, ಅವಳಿಗೆ ಸುಳ್ಳು ಹೇಳಿಕೊಳ್ಳಲು ಇಷ್ಟವಿಲ್ಲ, ಬೆಳಿಗ್ಗೆಯಿಂದ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಅಭಿನಂದನೆ ಎಂದು ಅಪ್ಪಿಕೊಂಡು, ಕುರ್ಚಿಯಲ್ಲಿ ಕೂತ ಮೇಲೆ ತಂಗಿಯನ್ನು ತುಂಡು ತುಂಡು ಮಾಡಿ ಕೈಗಿಡುತ್ತಿದ್ದಾರೆ, ಒಂದೊಂದು ತುಂಡೂ ಬೆಚ್ಚಗಿದೆ, ಬೇಡವೆನ್ನುವುದು ಹೇಗೆ — ಈಗ ಟೀವಿಯಲ್ಲಿ ಜನ ಸುಮ್ಮನಾದರು, ಕೊರಿನ್ ಧ್ವನಿ ತಗ್ಗಿಸಿದಳು, ಆ ತಗ್ಗಿಸಿದ ಧ್ವನಿ ವರ್ಲಾಗೆ ಗೊತ್ತು, ಸಣ್ಣವಳಿದ್ದಾಗ ಅಪ್ಪನ ತೊಡೆ ಏರಿ ಏನಾದರೂ ಕೇಳುವಾಗಿನ ಧ್ವನಿ, ನನ್ನ ತಾಯಿಯ ಕೊನೆಯ ಚಳಿಗಾಲದಲ್ಲಿ, ಎಂದಳು ಕೊರಿನ್, ನಾನು ಅವಳ ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಸೂಪು ಕುಡಿಸಿದೆ, ಈ ದೇಶದಲ್ಲಿ ಹಾಗೆ ಕೂತಿರುವ ಪ್ರತಿಯೊಬ್ಬ ಮಗಳೂ ನನಗೆ ಗೊತ್ತು. ಜನ ಎದ್ದು ನಿಂತರು. ಒಬ್ಬ ಗಂಡಸು ಕಣ್ಣೊರೆಸಿಕೊಂಡ. ಗೊಂಬೆಗಳು ಕೂಡ ಅತ್ತವು. ಲವೋನ್ ಟೋಪಿಯನ್ನು ತಲೆಯಿಂದ ಎತ್ತಿ ಹಿಡಿದಳು, ಕನ್ನಡಿಯೊಳಗಿಂದ ಎಲ್ಲರೂ ತನ್ನನ್ನೇ ನೋಡುತ್ತಿರುವುದು ವರ್ಲಾಗೆ ಕಂಡಿತು, ಅವರಿಗೆಲ್ಲ ಗೊತ್ತು, ಅಮ್ಮ ಯಾರ ಮನೆಯಲ್ಲಿ ಸತ್ತಳು ಅಂತ ಈ ಊರಿನ ನಾಯಿಗೂ ಗೊತ್ತು. ಯಾವ ಸೂಪೇ, ಎಂದಿತು ಅವಳ ಮನಸ್ಸು, ಯಾವ ಚಮಚವೇ, ಸೊಂಟದ ಹುಣ್ಣನ್ನು ಯಾರು ತೊಳೆದರು, ಹೇಳೇ ನನ್ನ ಬಂಗಾರ, ಆ ಹುಣ್ಣಿಗೆ ಮುಷ್ಟಿ ತೂರಿಸಬಹುದಿತ್ತು, ಮಗ್ಗುಲು ತಿರುಗಿಸಿದರೆ ಅಮ್ಮ ಮೊಲದ ಹಾಗೆ ಚೀರುತ್ತಿದ್ದಳು, ಪರದೆಗೂ ಬ್ರೆಡ್ಡಿಗೂ ಅದೇ ವಾಸನೆ, ಗಂಡ ಡ್ವೈಟ್ ಊಟದ ತಟ್ಟೆ ಹಿಡಿದು ಗ್ಯಾರೇಜಿಗೆ ಹೋಗಿ ತಿನ್ನುತ್ತಿದ್ದ, ಆಮೇಲೆ ಮಲಗಲೂ ಅಲ್ಲೇ ಹೋದ, ಆಮೇಲೆ ತಮ್ಮನ ಮನೆಗೆ, ಅಮ್ಮ ಸತ್ತ ಮೇಲೆ ಬರ್ತೀನಿ ಅಂದವನು ಅಮ್ಮ ಸತ್ತ ಮೇಲೂ ಬರಲಿಲ್ಲ, ಈಗ ಅವನಿಗೆ ಬೇರೊಬ್ಬಳಿದ್ದಾಳೆ, ಅವಳೂ ಇಲ್ಲೇ ಬಂದು ಕೂದಲಿಗೆ ಬಣ್ಣ ಹಾಕಿಸಿಕೊಂಡು ಹೋಗುತ್ತಾಳೆ. ನಿಮ್ಮಮ್ಮನ್ನ ನೋಡ್ಕೊಂಡಿದ್ದು ಇವಳಂತೇನೇ? ಲವೋನ್ ಕಿರುಚಿದಳು, ಟೋಪಿ ತೆಗೆದಿದ್ದರೂ.

ಬಾಗಿಲ ಗಂಟೆ ಸದ್ದಾದದ್ದು ಆವಾಗಲೇ, ಓಮಾಹಾ ನಗರದಿಂದ ಬಂದ ಟೀವಿಯವಳು, ಟೆಸ್ಸಾ ಎಂದು ಹೆಸರು ಹೇಳಿದಳು, ಹಿಂದೆ ಕ್ಯಾಮೆರಾ ಹೊತ್ತವನು, ಒಂದೇ ನಿಮಿಷ ಮೇಡಂ, ಭಾಷಣ ಕೇಳಿದ್ರಾ, ಹೇಗನ್ನಿಸ್ತು, ತಂಗಿ ಬಗ್ಗೆ ಒಂದೆರಡು ಮಾತು. ಹೆಮ್ಮೆಯಾಗಿದೆ ಅನ್ನಬೇಕು. ಬಾಯಿ ತೆರೆದದ್ದು ಅದಕ್ಕೇ. ಹೆಮ್ಮೆ, ಅಂದಳು, ಕನ್ನಡಿಯಲ್ಲಿ ಓಪಲ್‌ಳ ಮುಖ ನೋಡಿದಳು, ಹಸಿದ ಮುಖ, ಕೊಡು ಕೊಡು ಅನ್ನುವ ಮುಖ — ಅಮ್ಮನ ಹಾಸಿಗೆ ಪಕ್ಕ ಕೂತಿದ್ದೋಳು ನಾನು, ಎಂದಳು ವರ್ಲಾ, ಅವಳಲ್ಲ, ಅವಳು ಬಂದಿದ್ದು ಒಂದು ಮಧ್ಯಾಹ್ನ, ಕೋಟು ಕೂಡ ಬಿಚ್ಚಲಿಲ್ಲ, ಹಾಸಿಗೆ ಹತ್ರ ಹೋಗಿ ನಿಂತ್ಲು, ನಮ್ಮಮ್ಮ ಅವಳನ್ನ ಮೇಲಿಂದ ಕೆಳಗೆ ನೋಡಿ ನನ್ನ ಕೇಳಿದ್ರು, ಯಾರೇ ಈ ಹೆಂಗಸು, ಏನು ಮಾರೋಕೆ ಬಂದಿದ್ದಾಳೆ, ಆಚೆ ಕಳಿಸು ಅಂತ. ಓಪಲ್ ಹೋ ಎಂದು ನಕ್ಕಳು, ತಲೆ ತುಂಬ ಗುಲಾಬಿ ಸುರುಳಿ ಕಡ್ಡಿಗಳು ಕುಣಿದವು, ಏನು ಮಾರೋಕೆ ಬಂದಿದ್ದಾಳೆ! ಲವೋನ್ ತೊಡೆ ಚಚ್ಚಿಕೊಂಡಳು, ಟೆಸ್ಸಾಳ ಕಣ್ಣು ದೀಪದ ಹಾಗಾಯಿತು, ಇನ್ನೊಂದ್ಸಲ ಹೇಳ್ತೀರಾ ಮೇಡಂ, ಕೊನೆ ಮಾತು ಮಾತ್ರ, ಸ್ವಲ್ಪ ನಿಧಾನವಾಗಿ. ವರ್ಲಾ ನಿಧಾನವಾಗಿ ಹೇಳಿದಳು. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು, ಅಮ್ಮನ ದನಿಯಲ್ಲೇ ಹೇಳಿದಳು.

ಓಪಲ್‌ಳ ತಲೆ ತೊಳೆಯುತ್ತಿದ್ದಾಳೆ, ನೀರು ಬೆಚ್ಚಗಿದೆ, ಯಾವ ಮಧ್ಯಾಹ್ನ ಅದು, ಹಿಮ ಸುರಿಯುತ್ತಿತ್ತು, ಕೊರಿನ್ ಕೋಟು ಬಿಚ್ಚಲಿಲ್ಲ ಎನ್ನುವುದು ನಿಜ, ಅಮ್ಮ ಬಿಡಲಿಲ್ಲ ಬಿಚ್ಚಲು, ತೋಳು ಹಿಡಿದುಬಿಟ್ಟಳು, ತಿಂಗಳುಗಟ್ಟಲೆ ಯಾರ ಗುರುತೂ ಸಿಗದಿದ್ದ ಅಮ್ಮ, ಹೆಸರು ಮರೆತು, ಹಲ್ಲು ಮರೆತು, ಉಗುಳು ನುಂಗುವುದನ್ನೂ ಮರೆತಿದ್ದ ಅಮ್ಮ, ಕೋರಿ, ಬಂದ್ಯಾ ನನ್ನ ಕೋರಿ ಎಂದಳು, ಮುಖಕ್ಕೆ ಬಣ್ಣ ಬಂತು, ಆ ಬಣ್ಣಕ್ಕಾಗಿ ವರ್ಲಾ ಇಡೀ ಚಳಿಗಾಲ ಉಜ್ಜಿದ್ದಳು, ತಿಕ್ಕಿದ್ದಳು, ಹಾಡಿದ್ದಳು, ಆಮೇಲೆ ಅಮ್ಮ ತಂಗಿಯ ಕಿವಿ ಎಳೆದುಕೊಂಡು, ಗುಟ್ಟು ಹೇಳುವ ಹಾಗೆ, ಆದರೆ ಜೋರಾಗಿ, ಗೋಡೆಗೆಲ್ಲ ಕೇಳುವ ಹಾಗೆ — ಬಾಗಿಲಲ್ಲಿ ಸೂಪಿನ ಬಟ್ಟಲು ಹಿಡಿದು ನಿಂತಿದ್ದ ವರ್ಲಾಳ ಕಡೆ ಬೆರಳು ತೋರಿಸಿ — ಯಾರೇ ಈ ಹೆಂಗಸು, ಏನು ಮಾರೋಕೆ ಬಂದಿದ್ದಾಳೆ, ಆಚೆ ಕಳಿಸು. ಆ ದಿನ ಕೊರಿನ್ ಬಟ್ಟಲು ಇಸಿದುಕೊಂಡಳು, ಹೌದು, ಅದೂ ನಿಜ, ಅಮ್ಮ ಅವಳ ಕೈಯಲ್ಲಿ ಪೂರ್ತಿ ಬಟ್ಟಲು ಕುಡಿದಳು, ಒಂದು ಹನಿ ಚೆಲ್ಲಲಿಲ್ಲ. ಕಣ್ಣಿಗೆ ನೊರೆ ಹೋಯ್ತು ಕಣೇ, ಎಂದಳು ಓಪಲ್.

ಅಂಗಡಿ ಮುಚ್ಚುವ ಹೊತ್ತಾದರೂ ಯಾರೂ ಎದ್ದಿಲ್ಲ, ತಲೆ ಒಣಗಿದವರೂ ಕೂತಿದ್ದಾರೆ, ಇನ್ನೂ ನಾಲ್ಕು ಜನ ಸೇರಿದ್ದಾರೆ, ಯಾರೋ ಚೆರ್ರಿ ಕೇಕು ತಂದಿದ್ದಾರೆ, ಟೀವಿಯಲ್ಲಿ ವರ್ಲಾ ಬಂದಳು, ವರ್ಲಾ ಹೋದಳು, ಏನು ಮಾರೋಕೆ ಬಂದಿದ್ದಾಳೆ ಎನ್ನುವುದು ಈಗ ಪರದೆಯ ಕೆಳಗೆ ಅಕ್ಷರವಾಗಿ ಓಡುತ್ತಿದೆ, ಅದನ್ನು ಬರೆದ ಅಂಗಿಗಳನ್ನು ಆಗಲೇ ಯಾರೋ ಮಾರುತ್ತಿದ್ದಾರಂತೆ, ಲವೋನ್‌ಳ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು, ನೀನು ಫೇಮಸ್ಸು ಆಂಟಿ, ಎಂದಳು. ಬಂದ್ಲು, ಬಂದ್ಲು, ಸುಮ್ನಿರ್ರೇ, ಎಂದಳು ಓಪಲ್. ಕೊರಿನ್ ಕಾರಿನ ಕಡೆ ನಡೆಯುತ್ತಿದ್ದಾಳೆ, ಸುತ್ತ ಮೈಕುಗಳು, ಯಾರೋ ಕೂಗಿದ, ಸೆನೆಟರ್, ನಿಮ್ಮ ತಾಯಿ ನಿಮ್ಮ ಗುರುತೇ ಹಿಡಿಯಲಿಲ್ಲವಂತೆ, ನಿಮ್ಮ ಅಕ್ಕ ಹೇಳ್ತಿದ್ದಾರೆ. ಕೊರಿನ್ ನಿಂತಳು. ತಿರುಗಿದಳು. ಕ್ಯಾಮೆರಾದೊಳಕ್ಕೇ ನೋಡಿದಳು, ಇಲ್ಲಿಗೆ, ಈ ಅಂಗಡಿಗೆ, ಬಾಯಿ ತೆರೆದಳು — ಹೇಳ್ತಾಳೆ, ಈಗ ಹೇಳ್ತಾಳೆ, ಅಮ್ಮ ಆಚೆ ಕಳಿಸು ಅಂದದ್ದು ನನ್ನನ್ನಲ್ಲ, ಅವಳನ್ನು ಅಂತ ಹೇಳ್ತಾಳೆ, ದೇಶವೆಲ್ಲ ಕೇಳುವ ಹಾಗೆ — ತೆರೆದ ಬಾಯಿ ಹಾಗೇ ಒಂದು ಗಳಿಗೆ ನಿಂತಿತು, ನಾಲಿಗೆ ಹಲ್ಲಿಗೆ ತಾಗಿದ್ದೂ ಕಂಡಿತು. ಮುಚ್ಚಿತು. ಕೊರಿನ್ ಕಾರು ಹತ್ತಿದಳು. ಬಾಯಿ ಕಟ್ಟಿತು ನೋಡೇ, ಓಪಲ್ ಕುರ್ಚಿಯಲ್ಲೇ ಕುಪ್ಪಳಿಸಿದಳು, ಮಾತೇ ಹೊರಡ್ಲಿಲ್ಲ ರಂಡೆಗೆ, ತಡಿ, ಮತ್ತೆ ತೋರಿಸ್ತಾರೆ. ಮತ್ತೆ ತೋರಿಸಿದರು. ನಿಂತಳು, ತಿರುಗಿದಳು, ಬಾಯಿ ತೆರೆದಳು. ಹೇಳೇ, ಎಂದಳು ವರ್ಲಾ, ಯಾರಿಗೂ ಕೇಳಿಸಲಿಲ್ಲ. ಮುಚ್ಚಿತು. ಯಾರೋ ವರ್ಲಾಳ ಕೈಗೆ ಕೇಕಿನ ತಟ್ಟೆ ಇಟ್ಟರು. ಟೀವಿಯಲ್ಲಿ ಮತ್ತೆ ತಿರುಗಿದಳು, ಬಾಯಿ ತೆರೆಯಿತು, ನಾಲಿಗೆ, ಹಲ್ಲು. ಮುಚ್ಚಿತು. ತೆರೆಯಿತು.