ಕರಿಬೇವಿನ ಗೆಲ್ಲು

ಕೋಲ್ಕತ್ತದ ಆ ಹಳೆಯ ಕಾನ್ವೆಂಟಿನ ತೋಟದಲ್ಲಿ ಯಾವ ಮರವಿದೆ, ಯಾವ ಹಕ್ಕಿ ಕೂರುತ್ತದೆ, ಯಾವ ಹುಳ ಹರಿಯುತ್ತದೆ ಎಂದು ದಾಖಲಿಸುವ ಕೆಲಸ ಶುರುವಾದಾಗ ವೈಷ್ಣವಿಯೊಬ್ಬಳೇ ಇದ್ದಳು. ಹಲಸಿನ ಪೊಟರೆಯಲ್ಲಿ ಗೂಬೆ ಕಂಡರೆ ಸಾಕು, ಅಜ್ಜಿ ಹೇಳಿದ ಗೂಬೆಯ ಮದುವೆಯ ಕತೆ ನೆನಪಾಗಿ ಫೋಟೊ ತೆಗೆಯುವುದನ್ನೇ ಮರೆಯುತ್ತಿದ್ದಳು. ಕುಂದಾಪುರ ಕಡೆಯ ಸಿಸ್ಟರ್ ಗ್ರೆಟ್ಟಾ ಆ ಕತೆ ಕೇಳಿ ನಗುತ್ತಿದ್ದರು. ಆಮೇಲೆ ಮೇಧಾ ಬಂದಳು. ರೈಲ್ವೆಯವರ ಮಗಳು, ಧಾರವಾಡದ ಮಾತು, ಫೋಟೊ ಮರೆಯುವ ಪೈಕಿಯಲ್ಲ.

"ಅವ್ಳ ಕಣ್ಣು ಎಂಥ ಚುರುಕು ಮಾರಾಯ್ತಿ!" ಎಂದು ಸಿಸ್ಟರ್ ಹೇಳಿದ್ದೇ ತಡ, ವೈಷ್ಣವಿಗೆ ಹೊಟ್ಟೆಯೊಳಗೆ ಒಲೆ ಹೊತ್ತಿಸಿದಂತಾಯಿತು.

ಭಾನುವಾರ ತೋಟವನ್ನು ಊರಿನವರಿಗೆ ತೆರೆಯುವುದಿತ್ತು. ಬಂದವರನ್ನು ಸುತ್ತಾಡಿಸಿ ತೋರಿಸುವವಳು ಒಬ್ಬಳೇ. ವೈಷ್ಣವಿ ಕನಸಿನಲ್ಲೂ ಆ ದಾರಿ ನಡೆದು ಬಂದಿದ್ದಳು. ಆದರೆ ಅಡುಗೆಮನೆ ಹಿಂದಿನ ಕರಿಬೇವಿನ ಗಿಡದಲ್ಲಿ ಮೇಧಾ ಒಂದು ಮರಿಹುಳವನ್ನು ದಿನದಿನವೂ ಗಮನಿಸುತ್ತ ಬಂದಿದ್ದಳು. ಹಕ್ಕಿ ಹಿಕ್ಕೆಯಂತಿದ್ದ ಅದು ಹಸಿರಾಗಿ, ಈಗ ಗೆಲ್ಲಿಗಂಟಿದ ಕೋಶವಾಗಿತ್ತು. ಎಲ್ಲದರ ಚಿತ್ರವೂ ಅವಳಲ್ಲಿತ್ತು. "ಚಿಟ್ಟೆ ಹೊರಗೆ ಬರೂ ಫೋಟೊನೂ ಸಿಕ್ರೆ ಭಾನುವಾರ ಮೇಧಾನೇ ತೋರಿಸ್ಲಿ" ಎಂದಿದ್ದರು ಸಿಸ್ಟರ್.

ಶನಿವಾರ ಶನಿವಾರ ಆ ಗಿಡದಿಂದ ಅಪ್ಪನ ಜಾದವ್‌ಪುರದ ಹೋಟೆಲಿಗೆ ಸೊಪ್ಪು ಕೊಯ್ಯುವುದು ವೈಷ್ಣವಿಯ ರೂಢಿ. ಸಿಸ್ಟರೇ ಕೊಟ್ಟ ಸಲಿಗೆ. ಯಾರೂ ಯಾಕೆಂದು ಕೇಳುವಂತಿಲ್ಲ. ಆ ಶನಿವಾರ ಮೇಧಾ ಇನ್ನೂ ಬಂದಿರಲಿಲ್ಲ. ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಬಿಳಿ ಪಟ್ಟೆ ಕಾಣುತ್ತಿತ್ತು. ವೈಷ್ಣವಿ ಅದನ್ನು ಚೆನ್ನಾಗಿಯೇ ನೋಡಿದಳು. ನೋಡಿ, ಅದೇ ಗೆಲ್ಲನ್ನು ಮುರಿದು ಚೀಲಕ್ಕೆ ಹಾಕಿದಳು.

"ಸೊಪ್ಪು ತಂದ್ಯಾ ಮಗಾ? ಬೇಗ, ಒಗ್ಗರಣೆ ಸೀದು ಹೋಗ್ತದೆ!" ಹೋಟೆಲಿನ ಒಲೆಯೆದುರು ಅಪ್ಪ ಗಣಪಯ್ಯ ಗೆಲ್ಲು ಹಿಡಿದು ಎಲೆ ಸೆಳೆಯಲು ಹೊರಟರು. ಎಣ್ಣೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು. ಕೋಶ ಮಿಸುಕಿತು.

"ಅಪ್ಪಾ, ಅದು ಬೇಡ!" ವೈಷ್ಣವಿ ಕಿತ್ತುಕೊಂಡಳು.

"ಎಂತ ಆಯ್ತು ನಿಂಗೆ? ಸೊಪ್ಪಿಲ್ದೆ ಸಾಂಬಾರಾ?"

ಅಷ್ಟರಲ್ಲಿ ಅವಳು ಗೆಲ್ಲು ಹಿಡಿದು ಕಾನ್ವೆಂಟಿನ ಕಡೆಯ ಆಟೊ ಹತ್ತಿದ್ದಳು. ದಾರಿಯಲ್ಲೇ ಕೋಶ ಬಿರಿಯಿತು. ಮುದುರಿದ ರೆಕ್ಕೆಯ ಜೀವವೊಂದು ತೆವಳಿ ಅವಳ ದುಪಟ್ಟಾ ಹಿಡಿಯಿತು. "ದಿದಿ, ಪ್ರಜಾಪತಿ!" ಎಂದು ಪಕ್ಕದ ಬಂಗಾಳಿ ಹೆಂಗಸು ಚಿಟ್ಟೆಯನ್ನು ತೋರಿಸಿ ಉಬ್ಬಿದಳು. ವೈಷ್ಣವಿ ದುಪಟ್ಟಾ ಅಲುಗದಂತೆ ಹಿಡಿದು ಕೂತಳು.

ಮೇಧಾ ಗಿಡದೆದುರು ಮುರಿದ ಜಾಗ ನೋಡುತ್ತ ನಿಂತಿದ್ದಳು.

"ಎಲ್ಲಿತ್ತ ಇದು?"

"ನಾನು ಕೊಯ್ದದ್ದು."

"ನೋಡಲಾರದ ಕೊಯ್ದಿಯೇನ?"

"ನೋಡಿಯೇ."

ಮೇಧಾಳ ಮುಖ ಕೆಂಪಾಯಿತು. ಆದರೆ ಕ್ಯಾಮೆರಾ ಎತ್ತಿದಳು. "ಅಲುಗಾಡಬ್ಯಾಡ. ಇನ್ನೂ ರೆಕ್ಕಿ ಆರಿಲ್ಲ."

ಚಿಟ್ಟೆ ಹಾರಿ ಗೋಡೆ ದಾಟುವ ಹೊತ್ತಿಗೆ ಸಿಸ್ಟರ್ ಬಂದರು. "ಹೊರಗೆ ಬಂತಾ? ಯಾರ್ ನೋಡಿದ್ದು?"

"ವೈಷ್ಣವಿರೀ ಸಿಸ್ಟರ್. ನಾಳೆ ಅಕೀನ ತೋರಸ್ಲಿ."

ವೈಷ್ಣವಿಗೆ ಕಣ್ಣು ಉರಿಯಿತು. ಚುರುಕುತನವೂ ಇವಳದು, ಈ ದೊಡ್ಡ ಮನಸ್ಸೂ ಇವಳದೇ ಆಗಬೇಕೆ?

"ಬೇಡ ಸಿಸ್ಟರ್. ಗೆಲ್ಲು ಮುರಿದದ್ದು ನಾನು, ಬೇಕಂತಲೇ. ಅವ್ಳೇ ತೋರಿಸ್ಲಿ."

ಸಿಸ್ಟರ್ ಮುಖ ಬಾಡಿತು. ವೈಷ್ಣವಿ ತಲೆ ತಗ್ಗಿಸಲಿಲ್ಲ. ಮೇಧಾಳ ಕೈಯಿಂದ ಸಿಗುವ ಭಾನುವಾರ ಅವಳಿಗೆ ಬೇಕಿರಲಿಲ್ಲ.