ತೊಂಬತ್ತನೇ ನಂಬರಿನ ಎಣ್ಣೆ

ಮೈದುನ ಗುರುಮಲ್ಲೇಶ ಅಂಗಳದಲ್ಲಿ ಜೀಪಿನ ಕೆಳಗೆ ಮಲಗಿ, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೇರಿನ ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸುತ್ತಿದ್ದ. ಪಕ್ಕದಲ್ಲಿ ಹೊಸ ಎಣ್ಣೆಯ ಎರಡು ಡಬ್ಬಗಳಿದ್ದವು, ಒಂದು ತೊಂಬತ್ತನೇ ನಂಬರಿನದು, ಇನ್ನೊಂದು ನೂರಾ ನಲವತ್ತರದು.

"ಅತ್ಗೆ, ನೂರಾ ನಲವತ್ತು ಆಕ್ಬುಡ್ತೀನಿ. ಮಂದ ಎಣ್ಣೆ, ಆ ಗುಯ್ ಅನ್ನೋದು ನಿಂತೋಯ್ತದೆ. ಅಣ್ಣಂಗೆ ಎಷ್ಟು ಏಳುದ್ರೂ ಕೇಳ್ನಿಲ್ಲ, ಜೀಪಿನ ಬುಕ್ಕಲ್ಲಿ ತೊಂಬತ್ತೇ ಇರೋದು ಅಂತಿದ್ದ."

ಆ ಸದ್ದು ನನಗೆ ಗೊತ್ತು. ನರಸೀಪುರದಿಂದ ನಮ್ಮನೆಯವರು ವಾಪಸಾಗುವಾಗ, ಜೀಪು ಕಾಣುವ ಮೊದಲೇ ಕೆರೆ ಏರಿಯ ಮೇಲೆ ಅದು ಕೇಳಿಸುತ್ತಿತ್ತು. ಆಗ ನಾನು ಒಲೆ ಹಚ್ಚುತ್ತಿದ್ದೆ. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಅಂದಿನಿಂದ ನಿಂತೇ ಇದ್ದ ಜೀಪನ್ನು ಇನ್ನು ಗುರುಮಲ್ಲೇಶನೇ ಓಡಿಸುತ್ತಾನೆ.

"ತೊಂಬತ್ತೇ ಹಾಕಪ್ಪ" ಎಂದೆ.

"ಸದ್ದು ಅಂಗೇ ಇರ್ತದೆ ಕಣತ್ಗೆ."

"ಇರಲಿ."

ಅವನು ನನ್ನ ಮುಖ ನೋಡಿದ. ತೊಂಬತ್ತರ ಡಬ್ಬ ತೆರೆದು, ಎಣ್ಣೆ ತುಂಬಿ ಹೊರಚೆಲ್ಲುವವರೆಗೆ ಹಾಕಿ, ಬಿರಡೆ ಬಿಗಿದ. "ಕೆರೆಗಂಟ ಓಗಿ ಬತ್ತೀನಿ" ಎಂದು ಹೊರಟ.

ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಏರಿಯ ಮೇಲೆ ಆ ಸದ್ದು ಬಂತು. ಎದ್ದು ಒಲೆ ಹಚ್ಚಿದೆ. ಅಂಗಳದಲ್ಲಿ ಜೀಪು ನಿಂತಿತು. ಕಾಫಿ ನೀರು ಕುದಿಯತೊಡಗಿದರೂ ನಾನು ಬಾಗಿಲ ಕಡೆ ತಿರುಗಲಿಲ್ಲ.